ಅಮೆರಿಕದ ಆಸ್ಪತ್ರೆಲಿ ಕನ್ನಡ ಇಂಟರ್‌ಪ್ರಿಟರ್ ಫ್ರೀ, ಆದ್ರೆ ಕೇಳ್ಬೇಕು

ಎಲ್ರಿಗೂ ನಮಸ್ಕಾರ. ಊರಿಂದ ಮಾವ ಬಂದಿದಾರೆ, ರಾತ್ರಿ ನಾಲ್ಕೈದು ಸಲ ಎದ್ದು ಬಾತ್‌ರೂಮಿಗೆ ಹೋಗ್ತಾರೆ, ಸರಿ ಅಂತ ಡಾಕ್ಟರ್ ಹತ್ರ ಕರ್ಕೊಂಡು ಹೋದ್ರೆ ಅಲ್ಲಿ ಮಧ್ಯೆ ಕೂತು ಕನ್ನಡದಲ್ಲಿ ಹೇಳೋಳು ಸೊಸೆ. ಉರಿ ಇದ್ಯಾ, ರಕ್ತ ಏನಾದ್ರೂ ಹೋಗುತ್ತಾ ಅಂತ ಡಾಕ್ಟರ್ ಕೇಳ್ತಾರೆ. ಸೊಸೆ ಮುಂದೆ ಯಾವ ಮಾವ ಬಾಯಿ ಬಿಡ್ತಾರೆ ಹೇಳಿ? "ಏನಿಲ್ಲಮ್ಮ, ಆರಾಮಾಗಿದೀನಿ ಅನ್ನು." ಅಲ್ಲಿಗೆ ಮುಗೀತು ಅಪಾಯಿಂಟ್‌ಮೆಂಟು.

[ಸ್ಕ್ರೀನ್ ಮೇಲೆ: 1964, 2010]

ಇಂಥ ಕಡೆ ಇಂಟರ್‌ಪ್ರಿಟರ್, ಅಂದ್ರೆ ದುಭಾಷಿ, ಕೊಡ್ಬೇಕು ಅಂತ ಕಾನೂನೇ ಇದೆ. 1964ರ ಸಿವಿಲ್ ರೈಟ್ಸ್ ಆಕ್ಟಿನ ಟೈಟಲ್ 6, ಆಮೇಲೆ ಒಬಾಮಾ ಕಾಲದ 2010ರ ಅಫೋರ್ಡಬಲ್ ಕೇರ್ ಆಕ್ಟಿನ ಸೆಕ್ಷನ್ 1557. ಮೆಡಿಕೇರ್, ಮೆಡಿಕೇಡ್ ಅಂತ ಸರ್ಕಾರದ ದುಡ್ಡು ತಗೊಳ್ಳೋ ಆಸ್ಪತ್ರೆ, ಅಂದ್ರೆ ಹೆಚ್ಚುಕಮ್ಮಿ ಎಲ್ಲಾ ಆಸ್ಪತ್ರೆನೂ, ಇಂಗ್ಲಿಷ್ ಸರಿಯಾಗಿ ಬರದೇ ಇರೋ ಪೇಷಂಟಿಗೆ ಕ್ವಾಲಿಫೈಡ್ ಇಂಟರ್‌ಪ್ರಿಟರ್ ಕೊಡ್ಬೇಕು, ಅದೂ ಫ್ರೀಯಾಗಿ. ನೀವೇ ಯಾರನ್ನಾದ್ರೂ ಕರ್ಕೊಂಡ್ ಬನ್ನಿ ಅನ್ನೋ ಹಾಗಿಲ್ಲ. ಚಿಕ್ಕ ಮಕ್ಕಳ ಕೈಲಿ ಹೇಳಿಸೋದಂತೂ ಜೀವಕ್ಕೇ ಅಪಾಯ ಇದ್ದು, ಬೇರೆ ಯಾರೂ ತಕ್ಷಣ ಸಿಗದೇ ಇದ್ದಾಗ ಮಾತ್ರ. 2025ರ ಮಾರ್ಚಲ್ಲಿ ಟ್ರಂಪ್, ಇಂಗ್ಲಿಷ್ ಬರದೋರಿಗೆ ಭಾಷೆಯ ನೆರವು ಕೊಡ್ಬೇಕು ಅನ್ನೋ ಕ್ಲಿಂಟನ್ ಕಾಲದ ಆದೇಶ ರದ್ದು ಮಾಡಿದ್ರಲ್ಲ, ಇದೂ ಹೋಯ್ತೇನೋ ಅನ್ಬೇಡಿ, ಆ ಎರಡು ಕಾನೂನನ್ನ ಅದು ತೆಗೆದುಹಾಕಿಲ್ಲ.

ಮನೆಯವರೇ ಸಾಕಲ್ವಾ ಅಂತೀರಾ? 2003ರಲ್ಲಿ ಪೀಡಿಯಾಟ್ರಿಕ್ಸ್ ಜರ್ನಲ್‌ನಲ್ಲಿ ಒಂದು ಸ್ಟಡಿ ಬಂತು, ಸ್ಪ್ಯಾನಿಷ್ ಮಾತಾಡೋರ 13 ಡಾಕ್ಟರ್ ವಿಸಿಟ್ ರೆಕಾರ್ಡ್ ಮಾಡಿ ನೋಡಿದ್ರೆ ಒಂದೊಂದರಲ್ಲೂ ಸರಾಸರಿ 31 ತಪ್ಪು. ಆಸ್ಪತ್ರೆ ಇಂಟರ್‌ಪ್ರಿಟರ್‌ಗಳೂ ತಪ್ಪು ಮಾಡಿದ್ರು, ಸುಳ್ಳು ಯಾಕೆ ಹೇಳ್ಲಿ, ಆದ್ರೆ ಟ್ರೀಟ್‌ಮೆಂಟೇ ಅಡ್ಡದಾರಿ ಹಿಡಿಸೋ ಅಂಥ ತಪ್ಪು ಜಾಸ್ತಿ ಇದ್ದಿದ್ದು ನೆಂಟರು, ನರ್ಸು ಹೀಗೆ ಕೈಗೆ ಸಿಕ್ಕೋರು ಹೇಳ್ದಾಗ.

ನಿಜವಾದ ತಲೆನೋವು ಬೇರೆ. ಗ್ವಾಟೆಮಾಲಾದಿಂದ ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡಿಗೆ ಬಂದಿರೋ ಮಾಯಾ ಜನ ತುಂಬಾ ಇದಾರೆ, ಅವರು ಮನೇಲಿ ಆಡೋದು ಮಾಮ್ ಅನ್ನೋ ಭಾಷೆ, ಆದ್ರೆ ಗ್ವಾಟೆಮಾಲಾ ಅಂದ ತಕ್ಷಣ ಸ್ಪ್ಯಾನಿಷ್ ಇಂಟರ್‌ಪ್ರಿಟರ್‌ನ ಕರೆಸಿದ್ರೆ ಏನ್ ಪ್ರಯೋಜನ, ಪಾಪ ಸುಮ್ನೆ ತಲೆ ಆಡಿಸ್ತಾರೆ, ಅರ್ಥ ಆಯ್ತು ಅಂತ ಫೈಲಲ್ಲಿ ಬೀಳುತ್ತೆ. ನಮಗೂ ಅದೇ ಆಗೋದು, ಇಂಡಿಯಾ ಅಂದ್ರೆ ಹಿಂದಿ. ಹಾಸನದ ಅಜ್ಜಿಗೆ ಹಿಂದಿ ಕೊಡೋದಕ್ಕಿಂತ ಇಂಗ್ಲಿಷೇ ವಾಸಿ ಕಣ್ರೀ!

ಅದಕ್ಕೇ ಅಪಾಯಿಂಟ್‌ಮೆಂಟ್ ಬುಕ್ ಮಾಡುವಾಗ್ಲೇ ಕನ್ನಡ ಇಂಟರ್‌ಪ್ರಿಟರ್ ಬೇಕು ಅಂತ ಹೇಳಿ, ಪೇಷಂಟ್ ರೆಕಾರ್ಡಲ್ಲಿ ಭಾಷೆ ಕನ್ನಡ ಅಂತಾನೇ ಹಾಕ್ಸಿ. ಕೆನಡಾ ಅಂತ ಕೇಳಿಸ್ಕೊಂಡ್ರೆ ಸ್ಪೆಲ್ಲಿಂಗ್ ಹೇಳಿ, ಬೇಜಾರು ಮಾಡ್ಕೋಬೇಡಿ. ಕನ್ನಡದಂಥ ಭಾಷೆಗೆ ಎದುರಿಗೆ ಯಾರೂ ಬರೋದು ಅಪರೂಪ, ಸಾಮಾನ್ಯವಾಗಿ ಫೋನು, ಇಲ್ಲಾಂದ್ರೆ ವಿಡಿಯೋ. ಆ ಕಡೆಯ ಇಂಟರ್‌ಪ್ರಿಟರ್ "ನಂಗೆ ಉರಿಯುತ್ತೆ" ಅಂತ ಪೇಷಂಟ್ ಮಾತನ್ನ ತಮ್ಮದೇ ಅನ್ನೋ ಹಾಗೆ ಹೇಳ್ತಾರೆ, ಗಾಬರಿ ಆಗ್ಬೇಡಿ, ಅದೇ ಪದ್ಧತಿ. ನೀವು ಪಕ್ಕದಲ್ಲಿ ಗೊಣಗಿದ್ದೂ ಡಾಕ್ಟರ್ ಕಿವಿಗೆ ಹೋಗುತ್ತೆ, ನೆನಪಿರ್ಲಿ.

ಇನ್ನೊಂದು, ಎರಡೂ ಭಾಷೆ ಚೆನ್ನಾಗಿ ಬರೋರು, ವರ್ಕ್ ಪರ್ಮಿಟ್ ಇರೋರು ಈ ಕೆಲಸಕ್ಕೇ ಯಾಕೆ ಸೇರ್ಬಾರ್ದು? 40 ಗಂಟೆ ಟ್ರೈನಿಂಗ್ ಮಾಡ್ಕೊಂಡು ಆಸ್ಪತ್ರೆ ಇಂಟರ್‌ಪ್ರಿಟರ್‌ಗಳಿಗೆ ಸರ್ಟಿಫಿಕೇಟ್ ಕೊಡೋ ಸಿಸಿಎಚ್‌ಐ ಅನ್ನೋ ಸಂಸ್ಥೆಯ ಕೋರ್‌ಸಿಎಚ್‌ಐ ಪರೀಕ್ಷೆ ಬರೀಬಹುದು, ಅದು ಯಾವ ಭಾಷೆಯವರಿಗಾದ್ರೂ ಆಗುತ್ತೆ.