ಬೇಚಿರಾಕ್: ದೀಪ ಇಲ್ಲದ ಊರು

ನಮಸ್ಕಾರ. ಹಳೇ ಕಂದಾಯ ದಾಖಲೆ ತಿರುವಿ ಹಾಕಿದವರಿಗೆ ಬೇಚಿರಾಕ್ ಅನ್ನೋ ಪದ ಗೊತ್ತಿರುತ್ತದೆ. ಹೆಸರು, ಗಡಿ, ಸರ್ವೆ ನಂಬರು ಎಲ್ಲ ಇರುವ, ಆದರೆ ಒಬ್ಬರೂ ವಾಸ ಇಲ್ಲದ ಗ್ರಾಮ ಅದು. ಪದ ಬಂದಿದ್ದು ಪಾರ್ಸಿಯಿಂದ. ಬೇ ಅಂದರೆ ಇಲ್ಲದ, ಚಿರಾಗ್ ಅಂದರೆ ದೀಪ.

ತಾಲ್ಲೂಕು ಕಚೇರಿಯ ಧೂಳು ಹಿಡಿದ ಕಡತದಲ್ಲಿ ಇಂಥ ಪದ ಕೂತಿದೆ ನೋಡಿ! ಅದು ತಲೆ ಎಣಿಸುವುದಿಲ್ಲ, ದೀಪ ನೋಡುತ್ತದೆ. ಮನೆಗೆ ದೀಪ ಹಚ್ಚೋರು ಬೇಕು ಅಂತ ಅಜ್ಜಿಯರು ಹೇಳೋದೂ ಇದನ್ನೇ ಅಲ್ವಾ?

2011ರ ಜನಗಣತಿಯಲ್ಲಿ ಕರ್ನಾಟಕದ ಗ್ರಾಮಗಳು 29,340. ಜನ ಇದ್ದದ್ದು 27,397ರಲ್ಲಿ. ಮಿಕ್ಕ 1,943 ಖಾಲಿ. ಅವೆಲ್ಲ ಒಂದು ಕಾಲಕ್ಕೆ ತುಂಬಿ ತುಳುಕುತ್ತಿದ್ದವು ಅಂತೇನಲ್ಲ. ಕೆಲವು ಮೊದಲಿಂದಲೂ ಬರೀ ಹೊಲ, ಕಾಡು.

ಮಕ್ಕಳು ಕಡಿಮೆಯಾಗೋದಕ್ಕೂ ಊರು ಖಾಲಿಯಾಗೋದಕ್ಕೂ ಸುದ್ದಿಯವರು ಬಳಸೋ ಪದಕ್ಕೆ ಈಗ ಬರೋಣ. ಜನಸಂಖ್ಯಾ ಕುಸಿತ! ನನ್ನ ತಕರಾರು ಇಲ್ಲೇ. 2019-21ರ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮಲ್ಲಿ ಒಬ್ಬ ಹೆಂಗಸಿಗೆ ಸರಾಸರಿ 1.7 ಮಕ್ಕಳು. ಹುಟ್ಟುವವರು ಕಡಿಮೆಯಾದರು, ನಿಜ. ಆದರೆ ಅಷ್ಟಕ್ಕೇ ಜನ ಕಡಿಮೆಯಾಗಿಬಿಡುವುದಿಲ್ಲ. ಹೆರುವ ವಯಸ್ಸಿನವರು ಜಾಸ್ತಿ ಇರುವವರೆಗೂ ಒಟ್ಟು ಲೆಕ್ಕ ಏರುತ್ತಲೇ ಇರುತ್ತದೆ. ಕುಸಿತ ಅಂದರೆ ಧಾತು, ಈಶ್ವರ ಸಂವತ್ಸರಗಳ (1876-78) ಬರ. 1871ರಲ್ಲಿ ಮೈಸೂರು ಸಂಸ್ಥಾನದಲ್ಲಿ 50 ಲಕ್ಷಕ್ಕೂ ಜಾಸ್ತಿ ಜನ ಇದ್ದರು. ಬರ ಮುಗಿದು 1881ರಲ್ಲಿ ಎಣಿಸಿದಾಗ ಸುಮಾರು 42 ಲಕ್ಷ.

ಚಿಕ್ಕಮಗಳೂರು ಜಿಲ್ಲೆ ನೋಡಿ. 2001ರಲ್ಲಿ 11,40,905 ಜನ, 2011ರಲ್ಲಿ 11,37,961. ಇಳಿದಿದ್ದು ಮೂರು ಸಾವಿರಕ್ಕೂ ಕಡಿಮೆ. ಅದೇ ಹತ್ತು ವರ್ಷದಲ್ಲಿ ಇಡೀ ರಾಜ್ಯ ಶೇ 15ಕ್ಕೂ ಜಾಸ್ತಿ ಬೆಳೆದಿತ್ತು. ಇದನ್ನು ಕುಸಿತ ಅಂದರೆ ಮಾತು ದೊಡ್ಡದಾಯಿತು. ಬೇಚಿರಾಕ್ ಅನ್ನೋ ಹಾಗೂ ಇಲ್ಲ, ದೀಪ ಉರಿಯುತ್ತಿದೆ. ದೊಡ್ಡ ತೊಟ್ಟಿಮನೆ, ಒಳಗೆ ಅಪ್ಪ ಅಮ್ಮ ಇಬ್ಬರೇ, ಮಕ್ಕಳು ಬೆಂಗಳೂರಲ್ಲಿ. ಇಂಥ ಊರಿಗೆ ಸರ್ಕಾರಿ ಭಾಷೆಯಲ್ಲಿ ಏನು ಹೆಸರು? ಕೊನೇ ದೀಪ ಆರಿದ ಮೇಲೆ ಬರೆಯೋಕೆ ಪದ ಇದೆ, ಆರುತ್ತಿರುವಾಗ ಬರೆಯೋಕೆ ಇಲ್ಲ. ಮಲೆನಾಡಿನವರೇ ಪದ ಹುಡುಕಿಕೊಂಡಿದ್ದಾರೆ: "ನಮ್ಮೂರು ವೃದ್ಧಾಶ್ರಮ ಆಗೋಗಿದೆ."

ಜಪಾನಿನಲ್ಲಿ ಇದಕ್ಕೊಂದು ಪದ ಇದೆ, ಗೆಂಕಾಯ್ ಶೂರಾಕು. ಅರ್ಧಕ್ಕಿಂತ ಜಾಸ್ತಿ ಜನ 65 ದಾಟಿದ, ಇನ್ನು ತಡೆಯಲಾರೆ ಅನ್ನುವ ಹಂತ ಮುಟ್ಟಿದ ಹಳ್ಳಿ. ಹುಟ್ಟುಹಾಕಿದವರು ಓನೊ ಅಕಿರಾ ಅನ್ನೋ ಸಮಾಜಶಾಸ್ತ್ರಜ್ಞರು. ಆದರೆ ಬದುಕಿರೋ ಊರಿಗೆ ಅಂಥ ಹೆಸರು ಬೇಡ ಅಂತ ಅಯಾಬೆ ಪಟ್ಟಣದವರು ತಮ್ಮ ಹಳ್ಳಿಗಳನ್ನು "ನೀರು ಹುಟ್ಟುವ ಊರು" ಅಂತ ಕರೆದರು. ಬೆಟ್ಟದ ಮೇಲಿನ ಊರುಗಳು ತಾನೇ, ಕೆಳಗಿನವರು ಕುಡಿಯೋದು ಅಲ್ಲಿಂದ ಹರಿದ ನೀರೇ.

ತುಂಗಾ, ಭದ್ರಾ ಹುಟ್ಟೋದು ಎಲ್ಲಿ ಹೇಳಿ? ಅದೇ ಚಿಕ್ಕಮಗಳೂರು ಜಿಲ್ಲೆಯಲ್ಲಿ.