ಸಾಸಿವೆ ಕಾಳಿನಷ್ಟು ಒಂದು ಬಳೆ

ಕೇಳುಗರಿಗೆ ನಮಸ್ಕಾರ.

ಸಾಸಿವೆ ಕಾಳಿನಷ್ಟು ಅಗಲದ ಒಂದು ಬಳೆಯನ್ನು ಊಹಿಸಿಕೊಳ್ಳಿ. ಇಲಿಯ ದೊಡ್ಡ ರಕ್ತನಾಳದಿಂದ ಅಡ್ಡಕ್ಕೆ ಕತ್ತರಿಸಿದ ತುಂಡು ಹಾಗೆ ಕಾಣುತ್ತದೆ. ಅದನ್ನು ಎರಡು ಸಣ್ಣ ತಂತಿಗಳಿಗೆ ಸಿಕ್ಕಿಸಿ, ಉಪ್ಪು, ಗ್ಲೂಕೋಸ್ ಬೆರೆಸಿದ ನೀರಿನಲ್ಲಿ 37 ಡಿಗ್ರಿ ಬಿಸಿಯಲ್ಲಿ ಇಟ್ಟು, ಆಕ್ಸಿಜನ್ ಗುಳ್ಳೆ ಬಿಡುತ್ತಾರೆ. ಆ ಬಳೆ ಗಂಟೆಗಟ್ಟಲೆ ಜೀವಂತ ಇರುತ್ತದೆ. ಒಂದು ಔಷಧ ಹಾಕಿದರೆ ಬಿಗಿಯುತ್ತದೆ, ಇನ್ನೊಂದು ಹಾಕಿದರೆ ಸಡಿಲವಾಗುತ್ತದೆ. ಬೊಜ್ಜು ನಮ್ಮ ರಕ್ತನಾಳಕ್ಕೆ ಏನು ಮಾಡುತ್ತದೆ ಅನ್ನೋದನ್ನು ನಾವು ಬಹುಪಾಲು ಇಂಥ ಬಳೆಗಳಿಂದಲೇ ಕಲಿತಿದ್ದೇವೆ.

ರಕ್ತನಾಳ ಅಂದರೆ ನಲ್ಲಿಯ ಪೈಪು, ಕೊಬ್ಬು ಅದರೊಳಗೆ ಕಟ್ಟಿಕೊಳ್ಳುವ ಜಿಡ್ಡು ಅಂತ ತುಂಬಾ ಜನ ತಿಳಿದಿದ್ದಾರೆ. ಆದರೆ ತೊಂದರೆ ಶುರುವಾಗುವುದು ಜಿಡ್ಡು ಕಟ್ಟುವುದಕ್ಕೆ ಬಹಳ ಮುಂಚೆ. ರಕ್ತನಾಳದ ಒಳಗೋಡೆಗೆ ಒಂದೇ ಒಂದು ಜೀವಕೋಶದಷ್ಟು ತೆಳುವಾದ ಪದರ ಇದೆ. 1980ರಲ್ಲಿ ಅಮೆರಿಕದ ರಾಬರ್ಟ್ ಫರ್ಚ್‌ಗಾಟ್ ಮೊಲದ ರಕ್ತನಾಳದಲ್ಲಿ ಒಂದು ಸಂಗತಿ ತೋರಿಸಿದರು. ಆ ಪದರ ಇದ್ದಾಗ ಅಸಿಟೈಲ್‌ಕೋಲಿನ್ ಅನ್ನುವ ರಾಸಾಯನಿಕ ಹಾಕಿದರೆ ನಾಳ ಸಡಿಲವಾಗುತ್ತದೆ. ಪದರವನ್ನು ಉಜ್ಜಿ ತೆಗೆದರೆ ಸಡಿಲವಾಗುವುದೇ ಇಲ್ಲ. ಪದರದಿಂದ ಹೊರಟು ಸ್ನಾಯುವಿಗೆ 'ಬಿಗಿ ಬಿಡು' ಅಂತ ಹೇಳುವ ವಸ್ತು ಯಾವುದು? ನೈಟ್ರಿಕ್ ಆಕ್ಸೈಡ್ ಅನ್ನುವ ಅನಿಲ ಅಂತ ಆಮೇಲೆ ಗೊತ್ತಾಯಿತು. 1998ರಲ್ಲಿ ಈ ಕೆಲಸಕ್ಕೆ ಅವರಿಗೂ ಇನ್ನಿಬ್ಬರಿಗೂ ನೊಬೆಲ್ ಬಂತು.

ಈಗ ದಪ್ಪ ಇಲಿಯ ಕಡೆ ಬರೋಣ. 1961ರಲ್ಲಿ ಅಮೆರಿಕದ ಜುಕರ್ ದಂಪತಿ ಹುಟ್ಟಿನಿಂದಲೇ ಬೊಜ್ಜಿನ ದೋಷವಿದ್ದ ಇಲಿಗಳ ಬಗ್ಗೆ ಬರೆದರು. 'ಹೊಟ್ಟೆ ತುಂಬಿತು, ಸಾಕು' ಅಂತ ಮಿದುಳಿಗೆ ತಿಳಿಸುವ ಲೆಪ್ಟಿನ್ ಅನ್ನೋ ಹಾರ್ಮೋನು ಈ ಇಲಿಗಳಲ್ಲಿ ಬೇಕಾದಷ್ಟಿದೆ. ಅದನ್ನು ಕೇಳಿಸಿಕೊಳ್ಳುವ ಕಿವಿ ಕೆಟ್ಟಿದೆ. ಹಾಗಾಗಿ ತಿಂದಷ್ಟೂ ಹಸಿವು. ಬೊಜ್ಜಿನ ಜೊತೆಗೇ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ, ರಕ್ತದಲ್ಲಿ ಕೊಬ್ಬು ಏರುತ್ತದೆ. ಮನುಷ್ಯರಲ್ಲಿ ಇಂಥ ತೊಂದರೆಗಳು ಗುಂಪಾಗಿ ಬಂದರೆ ಡಾಕ್ಟರುಗಳು ಮೆಟಬಾಲಿಕ್ ಸಿಂಡ್ರೋಮ್ ಅನ್ನುತ್ತಾರೆ.

ಈ ಇಲಿಯ ರಕ್ತನಾಳದ ಬಳೆಗೆ ಅಸಿಟೈಲ್‌ಕೋಲಿನ್ ಹಾಕಿ ನೋಡಿದಾಗ ಎಷ್ಟೋ ಪ್ರಯೋಗಗಳಲ್ಲಿ ಅದು ಅರ್ಧಂಬರ್ಧ ಸಡಿಲವಾಗಿ ನಿಂತುಬಿಟ್ಟಿತು. ಹಾಗಾದರೆ ಸ್ನಾಯುವೇ ಕೆಟ್ಟಿದೆಯಾ? ಅದನ್ನೂ ಪರೀಕ್ಷಿಸಿದರು. ನೈಟ್ರಿಕ್ ಆಕ್ಸೈಡನ್ನು ನೇರವಾಗಿ ಕೊಡುವ ಔಷಧ ಹಾಕಿದಾಗ ಅದೇ ಬಳೆ ಚೆನ್ನಾಗಿ ಸಡಿಲವಾಯಿತು. ಅಂದರೆ ಸ್ನಾಯು ಸರಿಯಿದೆ, ಹೇಳಿಕಳಿಸಿದ ಮಾತು ತಲುಪುತ್ತಿಲ್ಲ. ಸೂಪರಾಕ್ಸೈಡ್ ಅನ್ನುವ ಚುರುಕು ಆಕ್ಸಿಜನ್ ರೂಪವೊಂದು ನೈಟ್ರಿಕ್ ಆಕ್ಸೈಡನ್ನು ದಾರಿಯಲ್ಲೇ ಹಾಳುಮಾಡುತ್ತದೆ. ಬೊಜ್ಜಿನ ದೇಹದಲ್ಲಿ ಅದು ಜಾಸ್ತಿ.

ನನಗೆ ಬಹಳ ಇಷ್ಟವಾದ ಸಂಗತಿ ಇನ್ನೊಂದಿದೆ. ಪ್ರಯೋಗಾಲಯಗಳಲ್ಲಿ ರಕ್ತನಾಳದ ಸುತ್ತ ಅಂಟಿದ ಕೊಬ್ಬನ್ನು ವರ್ಷಗಟ್ಟಲೆ ಕಸದ ಹಾಗೆ ಕೆರೆದು ಎಸೆಯುತ್ತಿದ್ದರು. 1991ರಲ್ಲಿ ಸಾಲ್ಟಿಸ್ ಮತ್ತು ಕ್ಯಾಸಿಸ್ ಅನ್ನುವ ಇಬ್ಬರು ಆ ಕೊಬ್ಬನ್ನು ಹಾಗೇ ಬಿಟ್ಟು ನೋಡಿದರು. ಬಿಗಿಸುವ ಔಷಧಕ್ಕೆ ಇಲಿಯ ನಾಳ ಕಡಿಮೆ ಬಿಗಿಯಿತು! ಸುಮ್ನೆ ಅಂಟಿಕೊಂಡಿದೆ ಅಂದುಕೊಂಡ ಕೊಬ್ಬು ನಾಳವನ್ನು ಕಾಯುತ್ತಿತ್ತು. ಆಮೇಲಿನ ಕೆಲಸಗಳಲ್ಲಿ ಗೊತ್ತಾಗಿದ್ದು ಏನೆಂದರೆ, ಪ್ರಾಣಿಗೆ ಬೊಜ್ಜು ಬಂದಾಗ ಇದೇ ಕೊಬ್ಬಿನ ಗುಣ ತಿರುಗುತ್ತದೆ. ನಾಳವನ್ನು ಸಡಿಲಿಸುವ ವಸ್ತುಗಳು ಕಡಿಮೆಯಾಗಿ, ಉರಿಯೂತ ಹುಟ್ಟಿಸುವ ವಸ್ತುಗಳು ಹೆಚ್ಚುತ್ತವೆ. ಹಾಗಾಗಿ ಕೊಬ್ಬೆಲ್ಲಾ ಶತ್ರು ಅನ್ನುವುದು ತಪ್ಪು. ಎಲ್ಲಿದೆ, ಎಂಥ ದೇಹದಲ್ಲಿದೆ ಅನ್ನೋದು ಮುಖ್ಯ.

ಇಲಿಯಿಂದ ಎಲ್ಲವೂ ತಿಳಿಯುವುದಿಲ್ಲ. ಜುಕರ್ ಇಲಿಯ ಬೊಜ್ಜಿಗೆ ಒಂದೇ ಜೀನು ಕಾರಣ, ನಮ್ಮಲ್ಲಿ ಹೆಚ್ಚಿನವರಿಗೆ ಹಾಗಲ್ಲ. ಇಲಿಗಳಿಗೆ ನಮ್ಮ ಹಾಗೆ ಹೃದಯದ ನಾಳದಲ್ಲಿ ಸುಲಭವಾಗಿ ಜಿಡ್ಡೂ ಕಟ್ಟುವುದಿಲ್ಲ. ಅದಕ್ಕೇ ಅಮೆರಿಕದ ಜಾರ್ಜಿಯಾ ಕರಾವಳಿಯ ಒಸಾಬಾ ದ್ವೀಪದ ಹಂದಿಗಳನ್ನು ಬಳಸುತ್ತಾರೆ. ಆಹಾರ ಸಿಗದ ಕಾಲವನ್ನು ದಾಟಲು ಸಿಕ್ಕಾಗಲೇ ಕೊಬ್ಬು ಕೂಡಿಡುವುದು ಇವುಗಳಿಗೆ ರೂಢಿ. ಇವಕ್ಕೆ ಜಿಡ್ಡಿನ ಊಟ ಕೊಟ್ಟು, ಓಡಾಡಲು ಬಿಡದೆ ಇಟ್ಟರೆ ಬೊಜ್ಜು, ಬಿ.ಪಿ., ಇನ್ಸುಲಿನ್ ತೊಂದರೆ, ಹೃದಯದ ನಾಳದಲ್ಲಿ ಜಿಡ್ಡು, ಎಲ್ಲವೂ ಬರುತ್ತವೆ.

ನಮ್ಮ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯಲ್ಲೂ ಅಲ್ಲೇ ಹುಟ್ಟಿ ಬೆಳೆದ ಬೊಜ್ಜಿನ ಇಲಿಗಳ ತಳಿ ಇದೆ.

ಕೊನೆಗೆ ಜಪಾನಿನ ಒಂದು ತಳಿಯ ಬಗ್ಗೆ ಹೇಳಬೇಕು. ಒಲೆಟ್ಫ್ ಅಂತ ಅದರ ಹೆಸರು. ಇವೂ ಮಿತಿಮೀರಿ ತಿನ್ನುತ್ತವೆ, ದಪ್ಪಗಾಗುತ್ತವೆ, ನಾಳಗಳು ಬಿಗಿಯುತ್ತವೆ. ಆದರೆ ಎಳೆ ವಯಸ್ಸಿನಲ್ಲೇ ಪಂಜರದಲ್ಲಿ ಒಂದು ಚಕ್ರ ಇಟ್ಟರೆ, ಯಾರೂ ಓಡಿಸದೆ ಅವು ತಾವೇ ರಾತ್ರಿಯೆಲ್ಲಾ ಓಡುತ್ತವೆ. ಹುಟ್ಟಿನಿಂದ ಬಂದ ದೋಷ ಹಾಗೇ ಇರುತ್ತದೆ. ಆದರೂ ಓಡಿದ ಇಲಿಗಳಿಗೆ ಆ ಪರಿ ಬೊಜ್ಜು ಬರಲಿಲ್ಲ. ಅವುಗಳ ನಾಳದ ಬಳೆಗೆ ಅಸಿಟೈಲ್‌ಕೋಲಿನ್ ಹಾಕಿದಾಗ, ಅದು ಆರೋಗ್ಯವಂತ ಇಲಿಯ ಬಳೆಯ ಹಾಗೇ ಸಡಿಲವಾಯಿತು.

ನಮಸ್ಕಾರ.