ರಾತ್ರಿ ಪಾಳಿಯ ಬುತ್ತಿ

ಕೇಳುಗರೆಲ್ಲರಿಗೂ ನಮಸ್ಕಾರ.

ದಾವಣಗೆರೆಯಲ್ಲಿ ಆಸ್ಪತ್ರೆಗಳಿಗೇನೂ ಕೊರತೆಯಿಲ್ಲ. 1965ರಿಂದ ವೈದ್ಯಕೀಯ ಕಾಲೇಜಿರುವ ಊರಿದು. ಜಗಳೂರು, ಹರಪನಹಳ್ಳಿ, ಚನ್ನಗಿರಿಗಳಿಂದ ಬರುವ ರೋಗಿಗಳಿಗೆ ಉಪ್ಪು, ಎಣ್ಣೆ ಕಡಿಮೆ ಮಾಡಿ, ದಿನವೂ ನಡೆಯಿರಿ ಎಂದು ಹೇಳಿ ಕಳಿಸುವ ಸಿಸ್ಟರ್ ತಾನು ಎಷ್ಟು ಹೊತ್ತಿಗೆ ಉಂಡಳೆಂದು ಮಾತ್ರ ಯಾರೂ ಕೇಳುವುದಿಲ್ಲ. ಇಪ್ಪತ್ತು ವರ್ಷ ಪಾಳಿ ಮಾಡಿದವಳಾಗಿ ಹೇಳುತ್ತೇನೆ: ನಮಗೆ ತಿಳಿವಳಿಕೆಯ ಕೊರತೆಯಿಲ್ಲ, ಹೊತ್ತಿನ ಕೊರತೆಯಿದೆ.

ರಾತ್ರಿ ಎಂಟಕ್ಕೆ ಜೋಳದ ರೊಟ್ಟಿ, ಪಲ್ಯ ಕಟ್ಟಿಕೊಂಡು ಬಂದಿರುತ್ತೇವೆ. ಒಂಬತ್ತೂವರೆಗೆ ಡಬ್ಬಿಯ ಮುಚ್ಚಳ ತೆಗೆಯುವಷ್ಟರಲ್ಲಿ ಹೆದ್ದಾರಿಯ ಅಪಘಾತದ ಗಾಯಾಳು ಬಂದರೆ, ಮತ್ತೆ ಅದರ ಮುಂದೆ ಕೂರುವುದು ಒಂದೂವರೆಗೆ. ಅಷ್ಟರಲ್ಲಿ ರೊಟ್ಟಿ ಸೆಟೆದಿರುತ್ತದೆ, ಸಂಜೆ ತರಿಸಿದ ಮಂಡಕ್ಕಿಯೂ ಸಕ್ಕರೆ ಹೆಚ್ಚಾದ ಚಹಾವೂ ಕೈಗೆ ಹತ್ತಿರವಿರುತ್ತವೆ. ಹೆರಿಗೆ ವಾರ್ಡಿನಲ್ಲಂತೂ ಮಗು ಹುಟ್ಟಿದ ಸಂತೋಷಕ್ಕೆ ಅಜ್ಜಿ ಕೈಗಿಡುವ ಪೇಡೆಯನ್ನು ಬೇಡವೆನ್ನಲು ಯಾವ ಪಥ್ಯವೂ ಕಲಿಸುವುದಿಲ್ಲ. ಹಗಲು ಉಂಡದ್ದನ್ನೇ ನಡುರಾತ್ರಿ ಉಂಡರೆ ರಕ್ತದ ಸಕ್ಕರೆ ಹೆಚ್ಚು ಏರುತ್ತದೆ, ಏಕೆಂದರೆ ಆ ಹೊತ್ತಿನಲ್ಲಿ ದೇಹವು ಸಕ್ಕರೆಯನ್ನು ಹಗಲಿನಷ್ಟು ಚೆನ್ನಾಗಿ ನಿಭಾಯಿಸಲಾರದು. ಇದರ ಮೇಲೆ ನಿದ್ದೆಗೆಟ್ಟರೆ ಹಸಿವನ್ನು ಕೆರಳಿಸುವ ಗ್ರೆಲಿನ್ ಎಂಬ ಹಾರ್ಮೋನು ಹೆಚ್ಚಿ, ಸಾಕೆನಿಸುವ ಲೆಪ್ಟಿನ್ ಎಂಬ ಹಾರ್ಮೋನು ತಗ್ಗುವುದುಂಟು. ನಾಲಗೆ ಸಿಹಿ, ಕರಿದದ್ದನ್ನೇ ಬೇಡುತ್ತದೆ.

ವ್ಯಾಯಾಮದ ಮಾತೆತ್ತಿದರೆ, ದಿನವಿಡೀ ಓಡಾಡುತ್ತೇವಲ್ಲ ಎನ್ನುವವರೇ ಬಹಳ. ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ ಕನಿಷ್ಠ 150 ನಿಮಿಷ ಹೇಳುವುದು ಉಸಿರು ತುಸು ಬಿರುಸಾಗುವ ನಡಿಗೆಯಂಥ ಚಟುವಟಿಕೆಯನ್ನು. ಹಾಸಿಗೆಯಿಂದ ಹಾಸಿಗೆಗೆ ನಿಂತು ನಿಂತು ಸಾಗುವ ನಮ್ಮ ಓಡಾಟದಲ್ಲಿ ಕಾಲು ಸೋಲುತ್ತದೆಯೇ ಹೊರತು ಉಸಿರು ಏರುವುದು ಕಡಿಮೆ. ದಾಖಲೆ ಕೊಠಡಿಯ ಗುಮಾಸ್ತರಿಗೆ ಅಷ್ಟೂ ಇಲ್ಲ. ಕುಂದವಾಡ ಕೆರೆಯ ಏರಿಯ ಮೇಲೆ ಬೆಳಗಿನ ಆರಕ್ಕೆ ಬೀಸಿ ನಡೆಯುವವರನ್ನು ಕಂಡು ನನಗೂ ಆಸೆಯಾಗುತ್ತದೆ, ಆದರೆ ಎಂಟಕ್ಕೆ ಪಾಳಿ ಬಿಟ್ಟವಳಿಗೆ ಬಿಸಿಲೇರಿರುತ್ತದೆ, ಕಣ್ಣು ಎಳೆಯುತ್ತಿರುತ್ತದೆ, ಮನೆಯಲ್ಲಿ ಮಗುವಿನ ಶಾಲೆಯ ಡಬ್ಬಿ ಕಾದಿರುತ್ತದೆ.

ಹೀಗಿರುವಾಗ ಗೋಡೆಗೆ ಇನ್ನೊಂದು ಆರೋಗ್ಯ ಸೂತ್ರದ ಪೋಸ್ಟರ್ ಅಂಟಿಸುವುದರಿಂದ ಏನೂ ಆಗದೆಂಬುದು ನನ್ನ ಅಭಿಪ್ರಾಯ. ಪಾಳಿಯ ಪಟ್ಟಿ ತಿಂಗಳ ಮೊದಲೇ ಕೈಸೇರಬೇಕು, ಕ್ಯಾಂಟೀನಿನಲ್ಲಿ ರಾತ್ರಿ ಹನ್ನೊಂದರವರೆಗಾದರೂ ಬಿಸಿ ಅನ್ನ-ಸಾರು ಸಿಗಬೇಕು. ನಮ್ಮ ವಾರ್ಡಿನಲ್ಲಿ ನಾವೇ ಒಂದು ಕಟ್ಟಳೆ ಮಾಡಿಕೊಂಡೆವು: ಇಬ್ಬರಲ್ಲಿ ಒಬ್ಬಳು ಒಂಬತ್ತಕ್ಕೆ ಉಣ್ಣುವಾಗ ಇನ್ನೊಬ್ಬಳು ಅವಳ ಹಾಸಿಗೆಗಳನ್ನೂ ನೋಡಿಕೊಳ್ಳಬೇಕು, ಆಮೇಲೆ ಇವಳು. ಇಬ್ಬರಿದ್ದ ರಾತ್ರಿಗಳಲ್ಲಿ ಅದು ನಡೆಯಿತು. ಒಬ್ಬಳೇ ಇದ್ದ ರಾತ್ರಿ ಡಬ್ಬಿ ಕಟ್ಟಿದ ಹಾಗೆಯೇ ಮನೆಗೆ ಮರಳಿತು.